ನಮ್ಮ ಬ್ಯಾಟರಿ ಸತ್ತಿರಲಿಲ್ಲ

ನನ್ನ ಮಗಳ ವ್ಯಾನಿನಷ್ಟು ಗಟ್ಟಿ ಗಾಡಿ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಅದರ ಬಾಗಿಲು ಹಾಕಿದರೆ ಎರಡು ಬೀದಿಯಾಚೆ ತೊಟ್ಟಿಲಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ. ಅದರ ಹಾರ್ನು ಕೇಳಿ ಟ್ರಾಫಿಕ್ ಪೊಲೀಸನೇ ಒಮ್ಮೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದ. ನಾನು ಹೇಳಿದ್ದರಲ್ಲಿ ಅರ್ಧ ಕಳೆಯುವವರು ಕಳೆಯಲಿ. ಉಳಿದ ಅರ್ಧವೇ ನಿಮ್ಮ ಮನೆಯ ಗಾಡಿಗಿಂತ ಹೆಚ್ಚಿರುತ್ತದೆ.

ಅಂಥ ವ್ಯಾನು ಒಂದು ಬೆಳಿಗ್ಗೆ ಟಕ್ ಎಂದಿತು. ಮಗಳು ಇನ್ನೊಮ್ಮೆ ಕೀಲಿ ತಿರುಗಿಸಿದಳು. ಆ ಟಕ್ಕೂ ಇಲ್ಲ.

ಅವಳ ಕಾಲಿನ ಪ್ಲಾಸ್ಟರ್ ಬಿಚ್ಚಿ ಇನ್ನೂ ವಾರವಾಗಿರಲಿಲ್ಲ. ಲಾಡ್ಜಿನ ಒದ್ದೆ ಮೆಟ್ಟಿಲಲ್ಲಿ ಚಾದರದ ಮೂಟೆ ಹೊತ್ತು ಇಳಿಯುವಾಗ ಜಾರಿ ಕಾಲು ಮುರಿದುಕೊಂಡಿದ್ದಳು. ನಾನು ಬಿದ್ದಿದ್ದರೆ ಮೆಟ್ಟಿಲು ಮುರಿಯುತ್ತಿತ್ತು. ಅವಳ ಕೆಲಸವೇ ಅದು: ಲಾಡ್ಜುಗಳಿಂದ ಕೊಳೆ ಚಾದರ, ಟವೆಲ್ಲು, ದಿಂಬಿನ ಚೀಲ ತುಂಬಿಕೊಂಡು ಲಾಂಡ್ರಿಗೆ ಒಯ್ಯುವುದು, ಒಗೆದು ಇಸ್ತ್ರಿಯಾದದ್ದನ್ನು ವಾಪಸು ಮುಟ್ಟಿಸುವುದು. ಮದುವೆ ಸರಿಬರದೆ ತವರಿಗೆ ಬಂದ ಮೇಲೆ ಸ್ವಂತ ದುಡಿಮೆಯಲ್ಲಿ ಆ ವ್ಯಾನು ಕೊಂಡಳು. ಹಳೆಯದು, ಆದರೆ ಅವಳದು. ಕಾಗದ ಮಾತ್ರ ಅವಳಪ್ಪನ ಹೆಸರಿನಲ್ಲಿತ್ತು; ಆಗ ಸಾಲಕ್ಕೆ ಗಂಡನ ಸಹಿ ಬೇಕೆಂದಿದ್ದರು, ಇವಳು ಆ ಮನುಷ್ಯನ ಮುಖ ನೋಡಲು ಒಪ್ಪಿರಲಿಲ್ಲ.

ಪ್ಲಾಸ್ಟರ್ ಇದ್ದಷ್ಟು ಕಾಲವೂ ವ್ಯಾನು ಶೆಡ್ಡಿನಲ್ಲಿ ನಿಂತೇ ಇತ್ತು. ನಿಂತು ನಿಂತು ಬ್ಯಾಟರಿ ಬರಿದಾಗಿತ್ತು.

ಅವತ್ತು ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ನನ್ನ ಆಲೂಗಡ್ಡೆ ತಿಂದವರು ಜನ್ಮದಲ್ಲಿ ಮರೆಯುವುದಿಲ್ಲ, ಆದರೆ ಅವತ್ತು ಯಾರೂ ಸರಿಯಾಗಿ ತಿನ್ನಲಿಲ್ಲ. ದೊಡ್ಡವನು, ಎಂದರೆ ನನ್ನ ಮಗ, ವಿಮಾ ಕಚೇರಿಯಲ್ಲಿ ಗುಮಾಸ್ತ. ಆ ಕಚೇರಿಯನ್ನು ತಾನೇ ಹೊತ್ತಿದ್ದೇನೆ ಎಂದು ತಿಳಿದಿದ್ದಾನೆ. ಜಂಬ ಯಾರ ಕಡೆಯಿಂದ ಬಂತೋ ನನಗೆ ಗೊತ್ತಿಲ್ಲ.

"ಅಪ್ಪ, ಹಳೇ ಗಾಡಿ ವ್ಯಾಪಾರಿ ಹತ್ರ ಮಾತಾಡಿದೀನಿ," ಎಂದ. "ಸತ್ತ ಗಾಡಿ ಆದ್ರೂ ತಗೋತಾನಂತೆ."

"ಯಾವ ಗಾಡಿ ಸತ್ತಿದ್ದು?" ಎಂದಳು ಮಗಳು.

"ನಿಂದೇ. ಇನ್ಯಾರದು?"

"ಗಾಡಿ ಸತ್ತಿಲ್ಲ. ಬ್ಯಾಟರಿ ಇಳಿದಿದೆ. ಅದೂ ಸತ್ತಿಲ್ಲ."

"ಮೆಕ್ಯಾನಿಕ್ಕು ಬಂದು ನೋಡಿ ಹೋದ್ನಲ್ಲ? ಹೋಯ್ತು, ಹೊಸದು ಹಾಕಿ ಅಂದ."

"ಹೊಸದು ಮಾರಿದ್ರೆ ಅವನಿಗೆ ಕಮಿಷನ್ನು. ಹಳೇದು ಎದ್ದು ಕೂತ್ರೆ ಅವನಿಗೇನು ಸಿಗುತ್ತೆ?"

"ನೋಡು, ಹೊಸ ಬ್ಯಾಟರಿಗೆ ನಾನಂತೂ ದುಡ್ಡು ಕೊಡಲ್ಲ."

"ನಾನು ಕೇಳಿದ್ನಾ?"

ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳು ಹೊಲಿಗೆಯವಳು. ಅವಳ ಕೈಯ ರವಿಕೆ ತೊಟ್ಟರೆ ಬಗ್ಗಿದ ಬೆನ್ನೂ ನೆಟ್ಟಗಾಗುತ್ತದೆ. ಮಲಗುವ ಕೋಣೆಯಲ್ಲೇ ಮಿಷನ್ನು ಇಟ್ಟುಕೊಂಡು, ಬಂದ ಹೆಂಗಸರನ್ನು ಮಂಚದ ಮೇಲೆ ಕೂರಿಸಿ ಅಳತೆ ತೆಗೆಯುತ್ತಿದ್ದಳು. ವ್ಯಾನು ಹೋದರೆ ಶೆಡ್ಡು ನಿನ್ನ ಅಂಗಡಿಗೆ ಎಂದು ದೊಡ್ಡವನು ಅವಳಿಗೆ ಮಾತು ಕೊಟ್ಟಿದ್ದ. ಅದು ನಮಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

"ಈ ಕಾಲಿಟ್ಕೊಂಡು ಇನ್ನೂ ಮೂಟೆ ಹೊರ್ತೀಯಾ?" ದೊಡ್ಡವನು ದನಿ ತಗ್ಗಿಸಿದ. "ನಮ್ಮ ಆಫೀಸಲ್ಲಿ ಫೋನ್ ಎತ್ತೋ ಕೆಲಸ ಇದೆ. ಕೂತ್ಕೊಂಡು ಮಾಡೋದು."

"ನಾನು ಮೊದಲಿಂದ್ಲೂ ಕೂತ್ಕೊಂಡೇ ಕೆಲಸ ಮಾಡ್ತಿರೋದು ಅಣ್ಣ. ಸ್ಟೇರಿಂಗ್ ಹಿಂದೆ."

ನನ್ನ ಯಜಮಾನರು ಬಾಯಿ ಬಿಟ್ಟರು. "ತಿಂಗಳ ಕೊನೆಗೆ ವ್ಯಾಪಾರಿ ಬರ್ಲಿ. ಅಷ್ಟರಲ್ಲಿ ಗಾಡಿ ಶುರುವಾದ್ರೆ ಇರ್ಲಿ. ಇಲ್ಲಾಂದ್ರೆ ನಾನು ಸಹಿ ಹಾಕ್ತೀನಿ. ಇಬ್ಬರೂ ಇನ್ನು ಬಾಯಿ ಮುಚ್ಚಿ."

ಹೀಗೆಂದು ಕೈ ತೊಳೆಯಲು ಎದ್ದವರು ಹೋಗುತ್ತ ಊಟದ ಕೋಣೆಯ ದೀಪ ಆರಿಸಿದರು.

"ರೀ! ನಾವಿನ್ನೂ ತಿಂತಾ ಇದೀವಿ!"

"ಬಾಯಿ ಎಲ್ಲಿದೆ ಅಂತ ಗೊತ್ತಿಲ್ವಾ ನಿಮಗೆ?" ಎಂದು ಕತ್ತಲಿನಿಂದ ಉತ್ತರ ಬಂತು.

ಇವರ ವಿಷಯ ಹೇಳಲೇಬೇಕು. ಕೆಲಸದಲ್ಲಿದ್ದಷ್ಟು ಕಾಲವೂ ಮನೆಮನೆಗೆ ಹೋಗಿ ಕರೆಂಟು ಮೀಟರು ಓದಿದವರು. ಊರಿಗೆಲ್ಲ ಮೀಟರಪ್ಪ. ಪರರ ಮನೆಯ ಮೀಟರು ತಿರುಗಿದ್ದನ್ನು ನೋಡಿ ನೋಡಿ, ಸ್ವಂತ ಮನೆಯಲ್ಲಿ ಅದು ತಿರುಗಿದರೆ ಇವರ ತಲೆಯೂ ತಿರುಗುತ್ತದೆ. ಉರಿಯುವ ಸ್ವಿಚ್ಚು ಕಂಡರೆ ಕೈ ತಾನಾಗಿ ಹೋಗುತ್ತದೆ. ನಮ್ಮ ಮದುವೆಯ ದಿನ ಫೋಟೋದವನ ದೀಪವನ್ನೇ ಆರಿಸಿದ್ದರು. ನಮ್ಮ ಮದುವೆ ಫೋಟೋದಲ್ಲಿ ನನ್ನ ಮೂಗುತಿ ಒಂದೇ ಕಾಣುವುದು.

ನಾನೂ ಕಡಿಮೆಯವಳಲ್ಲ. ಒಂದೊಂದೇ ಸ್ವಿಚ್ಚು ಹುಡುಕುವ ದರಿದ್ರ ನನಗಿಲ್ಲ. ಅಂಗೈ ಅಗಲಿಸಿ ಬೋರ್ಡಿಗೆ ಒಂದು ಏಟು ಹೊಡೆದರೆ ದೀಪ, ಫ್ಯಾನು, ಇರುವುದೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಇವರು ಆರಿಸುವುದು, ನಾನು ಬಡಿಯುವುದು. ಸಂಸಾರ ಹೀಗೇ ಸಾಗಿತ್ತು.

ಮಾರನೆಯ ಬೆಳಿಗ್ಗೆ ಮಗಳು ಸ್ಪ್ಯಾನರು ಹಿಡಿದು ಶೆಡ್ಡಿಗೆ ಹೋದಳು. ಮೊದಲು ಮೈನಸ್ಸು, ಆಮೇಲೆ ಪ್ಲಸ್ಸು ಬಿಚ್ಚಿ ಬ್ಯಾಟರಿ ಎತ್ತಿದಳು. ಕುಂಟುಕಾಲಿನಲ್ಲಿ ಅದನ್ನು ಹೊತ್ತು ಅಂಗಳ ದಾಟುವಾಗ ನಾನು ಅಡ್ಡ ಹೋದೆ.

"ಇತ್ಲಾಗೆ ಕೊಡೇ."

"ನಿನ್ನ ಸೊಂಟ ಹಿಡ್ಕೊಂಡ್ರೆ ಅದನ್ನ ಯಾವ ಚಾರ್ಜರಿಗೆ ಹಾಕಲಿ? ಪಕ್ಕಕ್ಕೆ ಸರಿ ಅಮ್ಮ."

ಹಿಂದಿನ ವರಾಂಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಹಲಗೆಯ ಮೇಲೆ ಅದನ್ನು ಕೂರಿಸಿದಳು. ಅದರ ಎರಡು ತುದಿಗಳ ಮೇಲೂ ಹಸಿರು-ಬಿಳಿ ಬೂಷ್ಟು ಬೆಳೆದಿತ್ತು. ಅಡಿಗೆ ಸೋಡ ಬಿಸಿನೀರಿಗೆ ಕಲಸಿ ಸುರಿದಳು. ಅಬ್ಬಾ, ಆ ಬುರುಗು! ಪಕ್ಕದ ಮನೆಯ ಬೆಕ್ಕು ಅವತ್ತು ಊರು ಬಿಟ್ಟದ್ದು ಇನ್ನೂ ಬಂದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಾನು ಉಜ್ಜಿದೆ. ಸೀಸ ಹೊಳೆಯಿತು. ನಾನು ಉಜ್ಜಿದರೆ ಹೊಳೆಯದ್ದು ಯಾವುದಿದೆ?

ಮೇಲಿನ ಆರು ಬಿರಡೆ ಬಿಚ್ಚಿ ಟಾರ್ಚು ಬಿಟ್ಟು ನೋಡಿದಳು. ಒಳಗೆ ಆರು ಮನೆ. ಒಂದರಲ್ಲೂ ಸಾಕಷ್ಟು ನೀರಿಲ್ಲ; ತಗಡುಗಳು ತಲೆ ಹೊರಗೆ ಹಾಕಿ ಕೂತಿದ್ದವು.

"ಬಿಂದಿಗೇಲಿ ನೀರಿದೆಯಲ್ಲ, ಹೊಯ್ಯಿ," ಎಂದೆ.

"ನಲ್ಲಿ ನೀರು ಹೊಯ್ದ್ರೆ ಇದ್ದ ಜೀವಾನೂ ಹೋಗುತ್ತೆ. ಅಂಗಡೀಲಿ ಬ್ಯಾಟರಿ ನೀರು ಅಂತಲೇ ಸಿಗುತ್ತೆ, ತಂದಿದೀನಿ. ಒಳಗಿರೋದು ಆಸಿಡ್ಡು ಅಮ್ಮ, ನೀನು ಆ ಕಡೆ ನಿಲ್ಲು. ಒಲೆ, ಬೆಂಕಿಕಡ್ಡಿ ಯಾವುದೂ ಈ ಕಡೆ ಬರಬಾರದು. ಚಾರ್ಜ್ ಆಗುವಾಗ ಗ್ಯಾಸ್ ಬರುತ್ತೆ. ಕಿಡಿ ಸಿಕ್ರೆ ಢಂ."

ಕನ್ನಡಕ ಹಾಕಿ, ಕೈಗೆ ರಬ್ಬರು ಗವಸು ತೊಟ್ಟು, ತಗಡು ಮುಳುಗುವಷ್ಟೇ ನೀರು ಹಾಕಿದಳು. ಸ್ಕೂಲ್ ಬಸ್ಸಿನ ಡ್ರೈವರನಿಂದ ಹಳೆಯ ಚಾರ್ಜರು ಎರವಲು ತಂದಿದ್ದಳು. ಕಬ್ಬಿಣದ ಡಬ್ಬ, ಮುಖದ ಮೇಲೊಂದು ಮುಳ್ಳು. ಅದರ ತಂತಿಗಳ ತುದಿಯ ಕೆಂಪು ಹಲ್ಲು ಪ್ಲಸ್ಸಿಗೆ, ಕಪ್ಪು ಹಲ್ಲು ಮೈನಸ್ಸಿಗೆ ಕಚ್ಚಿಸಿ ವರಾಂಡದ ಬೋರ್ಡಿನ ಸ್ವಿಚ್ಚು ಹಾಕಿದಳು. ಮುಳ್ಳು ಸ್ವಲ್ಪ ನಡುಗಿ ಎದ್ದಿತು.

"ಎಷ್ಟು ಹೊತ್ತು?" ಎಂದೆ.

"ನಿಧಾನಕ್ಕೆ ಹೋಗ್ಬೇಕು. ಬಿಡದೆ ಹೋಗ್ಬೇಕು. ಅವಸರ ಮಾಡಿದ್ರೆ ಬೆಂದು ಹೋಗುತ್ತೆ."

ಹಗಲು ಅವಳು ಲಾಂಡ್ರಿಯಲ್ಲೇ ಚಾದರ ಮಡಿಸುವ ಕೂಲಿಗೆ ಹೋಗತೊಡಗಿದಳು. ಬೆಳಿಗ್ಗೆ ಹೊರಡುವ ಮೊದಲು ವರಾಂಡಕ್ಕೆ ಹೋಗಿ ಮುಳ್ಳು ನೋಡುವಳು: ಎದ್ದಿದೆ. ಸಂಜೆ ಬಂದವಳೇ ಮತ್ತೆ ನೋಡುವಳು: ಎದ್ದಿದೆ. ಆದರೆ ಚಾರ್ಜರಿನ ಜೊತೆ ತಂದಿದ್ದ ಗಾಜಿನ ಕೊಳವೆಗೆ ಆಸಿಡ್ಡು ಹೀರಿ ನೋಡಿದರೆ, ಒಳಗಿನ ತೇಲುಬುರುಡೆ ಕೆಂಪು ಗೆರೆ ಬಿಟ್ಟು ಮೇಲೇಳುತ್ತಲೇ ಇರಲಿಲ್ಲ. ಹಸಿರಿಗೆ ಬಂದರೆ ಜೀವ ತುಂಬಿತು ಎಂದು ಲೆಕ್ಕವಂತೆ. ನಮ್ಮದು ಕೆಂಪಿನಲ್ಲೇ ಮಲಗಿತ್ತು.

ಆ ದಿನಗಳಲ್ಲಿ ಮನೆಯಲ್ಲಿ ಮಾತೆಂದರೆ ಬ್ಯಾಟರಿ. ವರಾಂಡದ ಸ್ಟವ್ ತೆಗೆದಿಟ್ಟದ್ದಕ್ಕೆ ಸ್ನಾನಕ್ಕೆ ಬಿಸಿನೀರಿಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ಹೋಗಲು ದಾರಿಯಿಲ್ಲ. ದೊಡ್ಡವನ ಅಂಗಿಯ ತೋಳಿಗೆ ಎಲ್ಲಿಂದಲೋ ಆಸಿಡ್ಡು ತಾಗಿ ತೂತು ಬಿತ್ತು.

"ಈ ಮನೇಲಿ ಮನುಷ್ಯರು ಇರ್ಬೇಕೋ ಬ್ಯಾಟರಿ ಇರ್ಬೇಕೋ?" ಎಂದು ಅವನು ತೂತಿನಲ್ಲಿ ಬೆರಳು ಆಡಿಸಿದ.

"ಬ್ಯಾಟರಿ ಜಾಗ ಕಮ್ಮಿ ಹಿಡಿಯುತ್ತೆ," ಎಂದೆ ನಾನು. "ಊಟಾನೂ ಕೇಳಲ್ಲ."

"ನೀನು ಅವಳ ಕಡೆ ಅಮ್ಮ."

"ನಾನು ಯಾರ ಕಡೇನೂ ಇಲ್ಲ. ಎಲ್ಲರೂ ನನ್ನ ಕಡೆ ಇರ್ಬೇಕು, ಅದು ಪದ್ಧತಿ."

ಈ ನಡುವೆ ಲಾಡ್ಜಿನ ಮ್ಯಾನೇಜರು ಫೋನು ಮಾಡಿದ. ಬಾಡಿಗೆ ಆಟೋದವನು ಚಾದರ ಮಳೆಗೆ ನೆನೆಸಿಕೊಂಡು ತಂದನಂತೆ, ನೀನು ಬರುವುದಿದ್ದರೆ ಬಾ, ತಿಂಗಳು ಮುಗಿದ ಮೇಲೆ ಬೇರೆಯವರಿಗೆ ಖಾಯಂ ಕೊಡುತ್ತೇನೆ ಎಂದ. ಮಗಳು "ಬರ್ತೀನಿ ಸಾರ್, ಗಾಡಿ ರೆಡಿ ಆಗ್ತಾ ಇದೆ," ಎಂದಳು. ಫೋನು ಇಟ್ಟು ವರಾಂಡಕ್ಕೆ ಹೋಗಿ ಬ್ಯಾಟರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವಳು ಅದಕ್ಕೆ ಬೈದದ್ದನ್ನು ಇಲ್ಲಿ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ.

ಎರಡು ವಾರ ಹೀಗೇ ಕಳೆಯಿತು. ಒಂದು ಭಾನುವಾರ ಬ್ಯಾಟರಿಯನ್ನು ಶೆಡ್ಡಿಗೆ ಹೊತ್ತು ಹಾಕಿ ನೋಡಿದೆವು. ಟಕ್ ಟಕ್ ಟಕ್. ಮೊದಲಿಗಿಂತ ಎರಡು ಟಕ್ಕು ಹೆಚ್ಚು.

"ಪ್ರಗತಿ," ಎಂದ ದೊಡ್ಡವನು, ಬಾಗಿಲಿಗೊರಗಿ ಟೀ ಕುಡಿಯುತ್ತ.

ಅವತ್ತು ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಮಾಡಿದ್ದೆ. ಭಾನುವಾರ ನಾನು ಮೊಟ್ಟೆ ಮಾಡಿದರೆ ಬೀದಿಯ ಕೋಳಿಗಳಿಗೆ ಹೆಮ್ಮೆಯಾಗುತ್ತದೆ. ಮಗಳು ತಟ್ಟೆ ಮುಟ್ಟಲಿಲ್ಲ. ದೊಡ್ಡವನಿಗೆ ಅಷ್ಟು ಸಾಕಾಯಿತು.

"ಸುಮ್ನೆ ಯಾಕೆ ಒದ್ದಾಡ್ತೀಯ?" ಎಂದ. "ಇದೆಲ್ಲ ಹೆಂಗಸರ ಕೈಲಾಗೋ ಕೆಲಸ ಅಲ್ಲ. ನಿಮಗೆ ಒಲೆ ಹಚ್ಚೋದು ಬರುತ್ತೆ. ಕರೆಂಟು ಅಂದ್ರೆ ಏನು ಗೊತ್ತು ನಿಮಗೆ?"

ಅವನು ಹೇಳಿದ್ದು ತಂಗಿಗೆ. ತಟ್ಟೆ ಸದ್ದು ಮಾಡಿ ಕೆಳಗಿಟ್ಟದ್ದು ಹೆಂಡತಿ.

"ಏನಂದ್ರಿ?" ಎಂದಳು ಸೊಸೆ.

"ನಿನಗಲ್ಲ ಕಣೇ ಹೇಳಿದ್ದು."

"ಹೆಂಗಸರು ಅಂದ್ರಲ್ಲ. ನಾನು ಇನ್ಯಾರು? ಮಿಷನ್ ಮೋಟರ್ ಸುಟ್ಟಾಗ ಬಿಚ್ಚಿ ತಂತಿ ಹಾಕಿದ್ದು ಯಾರು? ನೀವು ಫ್ಯೂಸ್ ಹಾಕೋಕೆ ಹೋಗಿ ಕುರ್ಚಿ ಮೇಲಿಂದ ಬಿದ್ರಲ್ಲ, ಆಮೇಲೆ ಹಾಕಿದ್ದು ಯಾರು?"

"ಈಗ ಆ ಮಾತ್ಯಾಕೆ?"

ಸೊಸೆ ಅವನನ್ನು ಬಿಟ್ಟು ನಾದಿನಿಯ ಕಡೆ ತಿರುಗಿದಳು. ಮುಖ ಕೆಂಪಗಾಗಿತ್ತು. "ನಿನ್ನ ಬ್ಯಾಟರೀಲಿ ತಪ್ಪಿಲ್ಲ. ನೀನು ಹೋದ ಮೇಲೆ ಮಾವ ಕೈಕಾಲು ತೊಳೆಯೋಕೆ ವರಾಂಡಕ್ಕೆ ಬರ್ತಾರೆ. ಹೋಗುವಾಗ ಸ್ವಿಚ್ ಆರಿಸ್ತಾರೆ. ದಿನಾ. ಸಂಜೆ ಅತ್ತೆ ಬಂದು ಬೋರ್ಡಿಗೆ ಹೊಡೀತಾರೆ, ಮತ್ತೆ ಹತ್ಕೊಳ್ಳುತ್ತೆ. ಮಲಗೋ ಮುಂಚೆ ಮಾವ ಇನ್ನೊಂದು ಸಲ ಬರ್ತಾರೆ. ಬೆಳಿಗ್ಗೆ ಅತ್ತೆ ಇನ್ನೊಂದು ಸಲ ಹೊಡೀತಾರೆ. ನೀನು ನೋಡುವಾಗ ಮಾತ್ರ ಉರೀತಾ ಇರುತ್ತೆ."

ಮಗಳು ಮುಟ್ಟದ ತಟ್ಟೆಯನ್ನು ಆಚೆ ನೂಕಿದಳು. ಮೊಟ್ಟೆಗಳು ಉರುಳಿದವು.

"ನಿನಗೆ ಯಾವಾಗ ಗೊತ್ತಾಯ್ತು ಅತ್ತಿಗೆ?" ಎಂದಳು ಮಗಳು.

"ಮೊದಲ ವಾರವೇ. ನನ್ನ ಕೋಣೆ ಕಿಟಕೀಲಿ ಕಾಣುತ್ತೆ."

"ಯಾಕೆ ಹೇಳ್ಲಿಲ್ಲ?"

"ನನಗೆ ಶೆಡ್ ಬೇಕಿತ್ತು. ಈಗ್ಲೂ ಬೇಕು. ಯಾರ್ಯಾರೋ ಹೆಂಗಸರು ನನ್ನ ಹಾಸಿಗೆ ಮೇಲೆ ಕೂತು ತೋಳಿನ ಅಳತೆ ಕೊಡೋದು ಸಾಕಾಗಿದೆ. ಆದ್ರೆ ನಿನ್ನ ಕೈಲಾಗಲ್ಲ ಅನ್ನೋ ಮಾತು ಕೇಳ್ಕೊಂಡು ಆ ಶೆಡ್ಡಲ್ಲಿ ಕೂರೋಕೆ ನನಗಾಗಲ್ಲ."

ನಾನು ಯಜಮಾನರ ಕಡೆ ತಿರುಗಿದೆ. ನನ್ನ ನೋಟಕ್ಕೆ ಹಾಲು ಒಡೆಯುತ್ತದೆ. ಹಿಂದೆ ಎಷ್ಟೋ ಸಲ ಒಡೆದಿದೆ.

"ರೀ. ಹೆತ್ತ ಮಗಳ ಅನ್ನದ ಸ್ವಿಚ್ಚು ಆರಿಸಿದ್ರಲ್ಲ!"

"ಉರೀತಿತ್ತು, ಆರಿಸ್ದೆ," ಎಂದರು. "ಅದಕ್ಕೆ ಹಾಕಿದ್ದು ಅಂತ ಯಾರಿಗೆ ಗೊತ್ತು? ಇವಳು ಬೋರ್ಡಿಗೆ ಬಡಿದು ಬಡಿದು ಎಲ್ಲಾ ಉರಿಸಿರ್ತಾಳೆ. ಯಾವುದು ಬೇಕಾದ್ದು, ಯಾವುದು ದಂಡ ಅಂತ ನಾನು ಹೇಗೆ ತಿಳ್ಕೊಳ್ಲಿ? ನೀನೊಂದೊಂದೇ ಹಾಕಿದ್ದಿದ್ರೆ ನಾನು ಕೇಳ್ತಿರ್ಲಿಲ್ವಾ?"

"ಓಹೋ, ತಪ್ಪು ನಂದಾ!"

"ಅರ್ಧ."

"ಬಡಿದಿದ್ದಕ್ಕೇ ಅದಕ್ಕೆ ಅಷ್ಟಾದ್ರೂ ಕರೆಂಟು ಸಿಕ್ಕಿದ್ದು! ನನ್ನ ಕೈ ಇಲ್ದಿದ್ರೆ ಬ್ಯಾಟರಿ ಉಪವಾಸ ಸಾಯ್ತಿತ್ತು!"

"ಸಾಕು!" ಎಂದಳು ಮಗಳು. ಮೇಜಿಗೆ ಕೈ ಬಡಿದಳು, ಲೋಟಗಳು ಹಾರಿದವು. ಆ ಕೈ ಅವಳಿಗೆ ನನ್ನಿಂದ ಬಂದದ್ದು. "ನಿಮ್ಮಿಬ್ಬರ ಜಗಳದಲ್ಲಿ ನನ್ನ ಎರಡು ವಾರ ಹೋಯ್ತು. ಇವತ್ತಿಂದ ಬ್ಯಾಟರಿ ನಡುಮನೇಲಿ ಇರುತ್ತೆ. ಕಿಟಕಿ ಕೆಳಗೆ, ಎಲ್ಲರ ಕಣ್ಣೆದುರಿಗೆ. ಮುಟ್ಟಿದವರ ಕೈಗೆ ಕಪ್ಪು ಹಲ್ಲು ಕಚ್ಚಿಸ್ತೀನಿ."

"ನಡುಮನೇಲಾ? ಗ್ಯಾಸ್ ಬರುತ್ತೆ ಅಂತೀಯ!" ದೊಡ್ಡವನು ಎದ್ದು ನಿಂತ.

"ಎರಡೂ ಕಿಟಕಿ ತೆಗೆದಿಡ್ತೀನಿ. ಬಾಗಿಲೂ. ಚಳಿ ಆದ್ರೆ ಹೊದ್ಕೋ. ಸಿಗರೇಟು ಬೀದೀಲಿ ಸೇದು."

"ನಾನು ಸೇದಲ್ಲ!"

"ಹಾಗಾದ್ರೆ ನಿನ್ನ ಜೇಬಲ್ಲಿರೋ ಬೆಂಕಿಪೊಟ್ಟಣ ದೇವರಿಗೆ ಇರ್ಬೇಕು."

ಅವನು ಕೂತ.

ಆಮೇಲೆ ಅವಳು ಮಾಡಿದ ಕೆಲಸ ನನಗೂ ಹೊಳೆದಿರಲಿಲ್ಲ, ಎಂದರೆ ಎಷ್ಟು ದೊಡ್ಡದಿರಬೇಕು ನೋಡಿ. ಗಾಜಿನ ಕೊಳವೆಯನ್ನು ಅಪ್ಪನ ಮುಂದೆ ಹಿಡಿದಳು.

"ಇದನ್ನ ಓದೋಕೆ ಬರುತ್ತಾ ಅಪ್ಪ?"

ಯಜಮಾನರು ಕನ್ನಡಕ ಮೇಲೇರಿಸಿದರು. "ಏನಿದು?"

"ತೇಲುಬುರುಡೆ. ಆಸಿಡ್ಡಿನ ಮಟ್ಟಕ್ಕೆ ಯಾವ ಅಂಕಿ ಬಂತೋ ಅದು. ಒಂದೊಂದು ಮನೇದೂ ಓದ್ಬೇಕು. ಗೆರೆ ತುಂಬ ಸಣ್ಣ. ನನಗೆ ಸರಿಯಾಗಿ ಕಾಣ್ತಿಲ್ಲ."

ಅವಳ ಕಣ್ಣು ಹದ್ದಿನ ಕಣ್ಣು. ಸುಳ್ಳು ಹೇಳಿದಳು. ಆದರೆ ಯಜಮಾನರ ಎದೆ ಎರಡು ಇಂಚು ಉಬ್ಬಿತು. "ಕಣ್ಣಿನ ಎತ್ತರಕ್ಕೆ ಹಿಡಿದು ಓದ್ಬೇಕು," ಎಂದರು. "ಮೇಲಿಂದ ನೋಡಿದ್ರೆ ತಪ್ಪು ಬರುತ್ತೆ. ಕೊಡು ಇಲ್ಲಿ. ಗವಸು ಎಲ್ಲಿ?"

ಅವತ್ತಿನಿಂದ ನಡುಮನೆಯಲ್ಲಿ ಅವರದೊಂದು ಕುರ್ಚಿ ಬಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆರು ಮನೆಯ ಬಾಗಿಲಿಗೂ ಹೋಗಿ ಓದಿ ಬರುವರು. ಮೊದಲನೆಯದು ಇಷ್ಟು, ಎರಡನೆಯದು ಇಷ್ಟು ಎಂದು ಬೀದಿಗೆ ಕೇಳುವ ಹಾಗೆ ಕೂಗುವರು. ಊಟಕ್ಕೆ ಕರೆದರೆ ತಟ್ಟೆ ಅಲ್ಲಿಗೇ ತರಿಸಿಕೊಂಡರು. ಅಭ್ಯಾಸಬಲದಿಂದ ಕೈ ಒಂದೆರಡು ಸಲ ಸ್ವಿಚ್ಚಿನ ಕಡೆ ಹೋದದ್ದುಂಟು. ಆಗ ಸೊಸೆ ಮಿಷನ್ನಿನ ಹಿಂದಿನಿಂದಲೇ "ಮಾವಾ" ಎಂದು ರಾಗ ಎಳೆಯುವಳು, ಕೈ ತಲೆ ಕೆರೆದುಕೊಳ್ಳಲು ಹೋಗುತ್ತಿತ್ತು. ನಾನೂ ಒಂದೊಂದೇ ಸ್ವಿಚ್ಚು ಹಾಕುವುದನ್ನು ಕಲಿತೆ. ನಾನು ಬಾಗುವುದು ಇತಿಹಾಸದಲ್ಲಿ ಅಪರೂಪ, ಗುರುತಿಟ್ಟುಕೊಳ್ಳಿ.

ಬುರುಡೆ ಕೆಂಪು ಬಿಟ್ಟಿತು. ಬಿಳಿಗೆ ಬಂತು. ಮಗಳು ವ್ಯಾನಿನ ಹೆಡ್‌ಲೈಟಿನ ಬಲ್ಬು ಬಿಚ್ಚಿ ತಂದು ಬ್ಯಾಟರಿಗೆ ಕಟ್ಟಿ ಉರಿಸಿ, ಒಮ್ಮೆ ಇಳಿಸಿ ಮತ್ತೆ ತುಂಬಿದಳು. ಹಾಗೆ ಮಾಡಿದರೆ ತಗಡಿನ ಮೇಲೆ ಕಟ್ಟಿದ ಗಟ್ಟಿ ಪೊರೆ ಬಿಡುತ್ತದಂತೆ. ಆ ಬೆಳಕಿನಲ್ಲಿ ನಮ್ಮ ನಡುಮನೆಗೆ ಸೂರ್ಯ ದಾರಿ ತಪ್ಪಿ ಬಂದ ಹಾಗಿತ್ತು. ಯಜಮಾನರು ಕಣ್ಣು ಮುಚ್ಚಿಕೊಂಡು ಸಹಿಸಿದರು. "ಇದು ಮೀಟರಿಗೆ ಸೇರಲ್ಲ ತಾನೇ?" ಎಂದು ಎರಡು ಸಲ ಕೇಳಿದರು.

ಐದು ಮನೆಗಳು ಹಸಿರಿಗೆ ಏರಿದವು. ಐದನೆಯ ಬಿರಡೆಯ ಕೆಳಗಿನದು ಮಾತ್ರ ಬಿಳಿಯಲ್ಲೇ ಕೂತಿತು.

"ಇದೊಂದು ಸೋಮಾರಿ," ಎಂದರು ಯಜಮಾನರು.

"ಅದು ಏಳ್ದಿದ್ರೆ?" ಎಂದೆ ಮೆಲ್ಲಗೆ.

"ಉಳಿದ ಐದು ಸೇರಿ ಎಳೀಬೇಕು," ಎಂದಳು ಮಗಳು. "ಮೊದಲ ಸಲಕ್ಕೆ ಎಳೆದ್ರೆ ಸಾಕು. ಎಂಜಿನ್ ಓಡೋಕೆ ಶುರುವಾದ್ರೆ ಅದೇ ತುಂಬಿಸಿಕೊಳ್ಳುತ್ತೆ."

"ಎಳೀದಿದ್ರೆ?"

ಅವಳು ಗವಸು ಕಳಚಿ ಅಡಿಗೆಮನೆಗೆ ಬಂದು ಒಂದು ತಟ್ಟೆ ಅನ್ನ ತಿಂದಳು. ಆ ತಿಂಗಳಿನಲ್ಲಿ ಮೊದಲ ಬಾರಿಗೆ ಎರಡನೆಯ ಸಲ ಬಡಿಸಿಕೊಂಡಳು.

ವ್ಯಾಪಾರಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದ. ಹೊಟ್ಟೆ ಮೊದಲು ಬಂತು, ಸ್ವಲ್ಪ ತಡೆದು ಅವನು. ದೊಡ್ಡವನು ರಜೆ ಹಾಕಿದ್ದ. ವ್ಯಾಪಾರಿ ವ್ಯಾನಿನ ಸುತ್ತ ನಡೆದು ಟೈರಿಗೆ ಒದ್ದ.

"ಒದೀಬೇಡಿ," ಎಂದಳು ಮಗಳು.

"ನೋಡ್ಬೇಡ್ವೇನಮ್ಮ?"

"ಕಣ್ಣಲ್ಲಿ ನೋಡಿ."

ಅವನು ನಕ್ಕು ಬಾನೆಟ್ಟಿನ ಮೇಲೆ ಕಾಗದ ಹರಡಿದ. "ಎಲ್ಲಾ ಬರ್ಕೊಂಡೇ ಬಂದಿದೀನಿ. ಯಜಮಾನ್ರು ಒಂದು ಸಹಿ ಹಾಕಿಬಿಟ್ರೆ ಎಳ್ಕೊಂಡು ಹೋಗೋ ಗಾಡಿ ಹೊರಗೆ ನಿಂತಿದೆ."

"ಕಾಗದ ತೆಗೀರಿ," ಎಂದಳು ಮಗಳು. "ಬಾನೆಟ್ ಎತ್ಬೇಕು."

ನಾನೂ ಸೊಸೆಯೂ ಬ್ಯಾಟರಿ ಹೊತ್ತು ತಂದೆವು. ಸೊಸೆ ಹೊರಲು ಬಂದದ್ದು ನೋಡಿ ದೊಡ್ಡವನು "ನೀನು ಯಾಕೆ?" ಎಂದ. ಅವಳು "ಭಾರ ಇದೆ, ಅದಕ್ಕೆ," ಎಂದಳು. ಮಗಳು ಪ್ಲಸ್ಸು ಮೊದಲು, ಮೈನಸ್ಸು ಆಮೇಲೆ ಬಿಗಿದಳು. ಹತ್ತಿ ಕೂತು ಕೀಲಿ ತಿರುಗಿಸಿದಳು.

ಗುರ್... ಗುರ್... ಗು... ನಿಂತಿತು.

"ಹ್ಞಾ," ಎಂದ ವ್ಯಾಪಾರಿ. ಪೆನ್ನಿನ ಟೋಪಿ ತೆಗೆದ.

"ನೋಡಿದ್ಯಾ?" ಎಂದ ದೊಡ್ಡವನು. ಆದರೆ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ತಂಗಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟದ್ದನ್ನು ಅವನೂ ಕಂಡಿದ್ದ. "ಅಪ್ಪ, ಬಂದು ಸಹಿ ಹಾಕು. ಮುಗಿಸಿಬಿಡೋಣ."

ಯಜಮಾನರು ವ್ಯಾಪಾರಿಯ ಕಾಗದ ಕೈಗೆ ತೆಗೆದುಕೊಂಡು, ಕಣ್ಣಿನ ಎತ್ತರಕ್ಕೆ ಹಿಡಿದು, ನಿಧಾನಕ್ಕೆ ಓದಿದರು. "ಸತ್ತ ಬ್ಯಾಟರಿ, ಓಡದ ಗಾಡಿ, ಅಂತ ಬರೆದಿದೀರಿ."

"ಹೌದಲ್ಲ ಸಾರ್."

"ಅಲ್ಲ. ಬೆಳಿಗ್ಗೆ ನಾನೇ ಓದಿದೀನಿ. ಐದು ಹಸಿರು, ಒಂದು ಬಿಳಿ. ಸುಳ್ಳು ರೀಡಿಂಗಿಗೆ ನಾನು ಇದುವರೆಗೂ ಸಹಿ ಹಾಕಿಲ್ಲ, ಇನ್ನು ಮೇಲೂ ಹಾಕಲ್ಲ." ಕಾಗದ ಮಡಿಸಿ ಅವನ ಜೇಬಿಗೆ ತುರುಕಿದರು. ನಮ್ಮ ಮದುವೆಯಾದ ಮೇಲೆ ಅವರು ನನಗೆ ಚೆಂದ ಕಂಡದ್ದು ಅದೇ ಮೊದಲು. "ಇನ್ನೊಂದು ಸಲ ತಿರುಗಿಸಮ್ಮ. ಸ್ವಲ್ಪ ಉಸಿರು ತಗೊಂಡು ತಿರುಗಿಸು. ಅದಕ್ಕೂ ಉಸಿರು ಬೇಕು."

ಮಗಳು ಕಾದಳು. ಸೊಸೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ನಾನು ಬಾನೆಟ್ಟಿನ ಮುಂದೆ ನಿಂತು ಬ್ಯಾಟರಿಯನ್ನು ನೋಡಿದೆ, ಹಾಲು ಒಡೆಯುವ ಆ ನೋಟ.

ಗುರ್... ಗುರ್... ಗುರ್ರ್... ಢರ್ರ್ರ್!

ಹೊಗೆ ಎಂದರೆ ಹೊಗೆ. ವ್ಯಾಪಾರಿಯ ಬಿಳಿ ಅಂಗಿ ಬೂದುಬಣ್ಣಕ್ಕೆ ತಿರುಗಿತು. ಶೆಡ್ಡಿನ ತಗಡು, ನಮ್ಮ ಕಿಟಕಿ, ಪಕ್ಕದ ಊರಿನ ಸೇತುವೆ, ಎಲ್ಲ ಅದುರಿದವು.

"ಒಂದು ಸಲ ಶುರುವಾದ್ರೆ ಏನಾಯ್ತು?" ದೊಡ್ಡವನು ಸದ್ದಿನ ಮೇಲೆ ಕೂಗಿದ. "ಆರಿಸಿ ಇನ್ನೊಂದು ಸಲ ಶುರು ಮಾಡಿ ತೋರಿಸು ನೋಡೋಣ!"

"ಆರಿಸಲ್ಲ!" ಮಗಳೂ ಕೂಗಿದಳು. "ಶುರುವಾದ್ರೆ ಗಾಡಿ ಇರ್ಲಿ ಅಂದಿದ್ದು ಅಪ್ಪ. ಶುರುವಾಗಿದೆ. ಇನ್ನು ನಾನು ಯಾರಿಗೂ ತೋರಿಸ್ಬೇಕಾಗಿಲ್ಲ. ದಾರಿ ಬಿಡು, ಕೆಲಸಕ್ಕೆ ಹೊತ್ತಾಯ್ತು!"

ನಾನು ಪಕ್ಕದ ಸೀಟಿಗೆ ಹತ್ತಿದೆ. ಕರೆದಿರಲಿಲ್ಲ, ಇಂಥದಕ್ಕೆ ನನ್ನನ್ನು ಕರೆಯಬೇಕೇ? ಹೊರಗೆ ನಿಂತಿದ್ದ ವ್ಯಾಪಾರಿಯ ಎಳೆಯುವ ಗಾಡಿ ಹಿಂದೆ ಸರಿಯುವವರೆಗೂ ನಾನೇ ಹಾರ್ನು ಒತ್ತಿದೆ. ಆ ಗಾಡಿ ಇನ್ನೂ ಹಿಂದೆ ಸರಿಯುತ್ತಲೇ ಇದ್ದರೆ ಆಶ್ಚರ್ಯವಿಲ್ಲ.

ಅವತ್ತು ಸಂಜೆಯವರೆಗೂ ಎಂಜಿನ್ನು ನಿಲ್ಲಿಸಲಿಲ್ಲ. ಲಾಡ್ಜಿನ ಮ್ಯಾನೇಜರು "ಆರಿಸಮ್ಮ, ಗಿರಾಕಿಗಳು ಹೊಗೆ ಅಂತಾರೆ," ಎಂದಾಗ ಮಗಳು ಮೂಟೆ ಹೊರುತ್ತಲೇ "ಇವತ್ತೊಂದಿನ ಮೂಗು ಮುಚ್ಕೊಳ್ಳಿ ಸಾರ್," ಎಂದಳು. ನಾನು ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ಕಾದೆ. ಸೇನಾಪತಿ ಕೋಟೆ ಕಾದದ್ದೂ ಇಷ್ಟು ನಿಷ್ಠೆಯಿಂದಲ್ಲ.

ಮನೆಗೆ ಬಂದಾಗ ಶೆಡ್ಡಿನ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಒಳಗೆ ಅವಳ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗೊಂದು ಕುರ್ಚಿ. ದೊಡ್ಡವನು ಮೂಲೆಯಲ್ಲಿ ಮೊಳೆ ಹೊಡೆದು ಕನ್ನಡಿ ತೂಗುಹಾಕುತ್ತಿದ್ದ.

ಮಗಳ ಮುಖ ಬಿಗಿಯಿತು. "ಅತ್ತಿಗೆ, ಇದೇನು?"

"ಶೆಡ್ಡು," ಎಂದಳು ಸೊಸೆ. "ಹಗಲು ನಿನ್ನ ವ್ಯಾನ್ ಎಲ್ಲಿರುತ್ತೆ?"

"ರೋಡಲ್ಲಿ."

"ಹಾಗಾದ್ರೆ ಹಗಲು ಶೆಡ್ ನಂದು. ಸಂಜೆ ನಾನು ಮಿಷನ್ ಮನೆಯೊಳಗೆ ತಳ್ತೀನಿ, ನೀನು ನಿಲ್ಲಿಸ್ಕೋ. ಬೆಳಿಗ್ಗೆ ನನ್ನ ಗಿರಾಕಿ ಬರೋ ಮೊದಲು ನಿನ್ನ ಗಾಡಿ ಹೊರಗೆ ಇರ್ಬೇಕು. ಬ್ಯಾಟರಿ, ಗಿಟರಿ ಅಂತ ನೆಪ ಹೇಳಿದ್ರೆ ನಾನು ಕೇಳಲ್ಲ."

"ಇದಕ್ಕೆ ಅಣ್ಣ ಒಪ್ಪಿದ್ನಾ?"

"ನಾನು ಕೇಳಿದ್ನಾ?" ಎಂದಳು ಸೊಸೆ.

ಮಾರನೆಯ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿದ್ದೆವು, ಯಾರೂ ಅದಕ್ಕಾಗಿ ಬಂದಂತೆ ತೋರಿಸಿಕೊಳ್ಳಲಿಲ್ಲ. ಯಜಮಾನರು ಹಲ್ಲುಜ್ಜುತ್ತಿದ್ದರು, ಅದೇ ಹಲ್ಲನ್ನು ಬಹಳ ಹೊತ್ತು. ಸೊಸೆ ಮಿಷನ್ನು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ದೊಡ್ಡವನು ಊಟದ ಡಬ್ಬಿ ಹಿಡಿದು, ಕಚೇರಿಯ ಬಸ್ಸು ಗೇಟಿನ ಮುಂದೆಯೇ ಹಾದು ಹೋದರೂ ನಿಂತೇ ಇದ್ದ. ಮಗಳು ಕೀಲಿ ತಿರುಗಿಸಿದಳು. ಗುರ್ರ್ ಎಂದು ಎದ್ದಿತು, ಹಿಂದಿನ ದಿನದ್ದಕ್ಕಿಂತ ಬೇಗ.

"ನನ್ನ ಬಸ್ ಹೋಯ್ತು," ಎಂದ ದೊಡ್ಡವನು, ವ್ಯಾನಿನ ಕಡೆ ನೋಡದೆ.

"ಹಿಂದೆ ಹತ್ತು," ಎಂದಳು ಮಗಳು.

"ಮುಂದೆ ಸೀಟಿದೆಯಲ್ಲ?"

"ಅದು ನಂದು," ಎಂದೆ, ಆಗಲೇ ಕೂತು ಬಾಗಿಲು ಹಾಕಿಕೊಂಡಿದ್ದೆ.

ಅವನು ಬೈದುಕೊಂಡು ಹ್ಞಾಂ ಹ್ಞೂಂ ಎನ್ನುತ್ತ ಹಿಂದೆ ಹತ್ತಿ, ಒಗೆಯಬೇಕಾದ ಟವೆಲ್ಲಿನ ಮೂಟೆಯ ಮೇಲೆ ಡಬ್ಬಿ ತಬ್ಬಿ ಕೂತ. ಬೀದಿಯ ತಿರುವಿನಲ್ಲಿ ಅವನ ದನಿ ಬಂತು.

"ಮಧ್ಯ ದಾರೀಲಿ ನಿಂತುಬಿಟ್ರೆ?"

"ನಿಂತ್ರೆ ನೀನಿದೀಯಲ್ಲ," ಎಂದಳು ಮಗಳು ಗೇರು ಬದಲಿಸುತ್ತ. "ಇಳಿದು ತಳ್ಳು."